ಹೆಸರು ಕಂಪನಿಯದು, ಹೊಟ್ಟೆಕಿಚ್ಚು ಅಕ್ಕನದು

ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಟ್ರ್ಯಾಕಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಸ್ವಂತ ಹೆಸರಿರಲಿಲ್ಲ ಎಂದಲ್ಲ, ಅದನ್ನು ಕೇಳುವ ಪುರಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಅವಳ ಕೆಲಸ ಇಷ್ಟು. ಹೊಸ ಹಾಡೊಂದು ತಯಾರಾದಾಗ ಅದನ್ನು ಕೂತು ಕಲಿಯುವಷ್ಟು ಸಮಯ ಹೆಸರಾಂತ ಗಾಯಕಿಗೆ ಇರುವುದಿಲ್ಲ. ಆಗ ಇವಳು ಬಂದು ಮೊದಲು ಹಾಡಿಡಬೇಕು. ಗಾಯಕಿ ಆಮೇಲೆ ಬಿಡುವಾದಾಗ ಬಂದು, ಕಿವಿಗೆ ಹೆಡ್‌ಫೋನ್ ಏರಿಸಿ, ಇವಳ ದನಿಯನ್ನು ಕೇಳಿಕೊಂಡು, ಸಾಲು ಸಾಲಾಗಿ ಅದರ ಮೇಲೆಯೇ ಹಾಡಿಕೊಂಡು ಹೋಗುತ್ತಾಳೆ. ಎಲ್ಲಿ ಉಸಿರು, ಎಲ್ಲಿ ತಿರುವು, ಎಲ್ಲಿ ಮುದ್ದು, ಎಲ್ಲಿ ಮುನಿಸು, ಎಲ್ಲವನ್ನೂ ಇವಳು ಮೊದಲೇ ಕೊರೆದಿಟ್ಟಿರುತ್ತಾಳೆ. ಹಾಡು ಮುಗಿದ ಮೇಲೆ ಇವಳ ದನಿಯನ್ನು ಅಳಿಸಿಹಾಕುತ್ತಾರೆ, ಕಟ್ಟಡ ಎದ್ದ ಮೇಲೆ ಸಾರುವೆ ಬಿಚ್ಚಿ ಎಸೆಯುವ ಹಾಗೆ. ಹಾಡಿಗೆ ಇಷ್ಟು ಎಂದು ಅದೇ ದಿನ ಕೈಗೆ ದುಡ್ಡು ಕೊಡುತ್ತಾರೆ. ಅವಳು ಅದನ್ನು ಮಡಚಿ ಚೀಲದ ಒಳಜೇಬಿಗೆ ಸೇರಿಸಿ ಬಸ್ಸು ಹಿಡಿಯುತ್ತಾಳೆ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಆದರೆ ಆ ಹೆಸರಾಂತ ಗಾಯಕಿ ಅವಳ ಒಡಹುಟ್ಟಿದ ತಂಗಿಯಾಗಿದ್ದಳು.

ಊರಿಗೆಲ್ಲ ಅವಳು ಮಿಂಚುಳ್ಳಿ. ಹೆಸರಿಟ್ಟದ್ದು ತಾಯಿತಂದೆಯಲ್ಲ, ಕಂಪನಿ. ಹಾಡುಗಳನ್ನು ರೆಕಾರ್ಡು ಮಾಡಿಸಿ ಮಾರುವ ಆ ಕಂಪನಿಯ ಮ್ಯಾನೇಜರನಿಗೆ ಸ್ಟುಡಿಯೋದವರು ಇಟ್ಟ ಹೆಸರು ಸೆಂಟು. ಆಸಾಮಿ ಇನ್ನೂ ಮೆಟ್ಟಿಲಲ್ಲಿರುವಾಗಲೇ ಅವನ ವಾಸನೆ ಮಹಡಿಗೆ ಬಂದು ಕುರ್ಚಿ ಎಳೆದುಕೊಂಡು ಕೂತಿರುತ್ತಿತ್ತು. ವರ್ಷಗಳ ಹಿಂದೆ ಅಕ್ಕ-ತಂಗಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು, ಒಂದೇ ಬಾಟಲಿಯ ನೀರು ಕುಡಿದು, ಅವನ ಮುಂದೆ ಹಾಡಿದ್ದರು. ಅವನು ಕಣ್ಣು ಮುಚ್ಚಿ ಕೇಳಿದ. "ಅರೆ, ಇಬ್ಬರದೂ ಒಂದೇ ದನಿ!" ಎಂದ. ಆಮೇಲೆ ಕಣ್ಣು ಬಿಟ್ಟು ತಂಗಿಯ ಕಡೆ ಬೆರಳು ತೋರಿಸಿದ.

ಅಕ್ಕನ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಏರಿ ಕೂತಿತ್ತು. ತಂಗಿಯದು ಸಾಲು ಮುತ್ತು.

"ನೀವೂ ಬರಿಗೈಲಿ ಹೋಗೋದು ಬೇಡಮ್ಮ," ಎಂದ ಸೆಂಟು ದೊಡ್ಡ ಮನಸ್ಸು ಮಾಡಿ. "ತಂಗಿಗೆ ಟ್ರ್ಯಾಕ್ ಹಾಡಿಡಿ. ಮನೆಯೋರೇ ಆದ್ರೆ ನಮಗೂ ಅನುಕೂಲ."

ತಂಗಿಗೆ ಉಸಿರು ಕಟ್ಟಿ ಹಾಡುವುದನ್ನು ಹೇಳಿಕೊಟ್ಟವಳು ಅಕ್ಕ. ನೀರಿನ ಬಕೆಟ್ಟಿನಲ್ಲಿ ಮುಖ ಮುಳುಗಿಸಿ, ಮೇಲೆತ್ತಲು ಬಿಡದೆ, ಜುಟ್ಟು ಹಿಡಿದು ಕಲಿಸಿದ್ದಳು. ಆ ಉಸಿರನ್ನೇ ಈಗ ತಂಗಿ ಊರೂರಿಗೆ ಮಾರುತ್ತಿದ್ದಾಳೆ ಎಂದು ಅವಳ ಎಣಿಕೆ.

ಹೊಟ್ಟೆಕಿಚ್ಚು ಒಮ್ಮೆಗೇ ಭಗ್ಗೆಂದು ಉರಿದು ಬೂದಿಯಾಗುವ ಬೆಂಕಿಯಲ್ಲ. ಅದಕ್ಕೆ ದಿನವೂ ಸೌದೆ ಒಟ್ಟಬೇಕು. ಅಕ್ಕನಿಗೆ ಸೌದೆಯ ಕೊರತೆಯೇ ಇರಲಿಲ್ಲ. ಬಸ್ ನಿಲ್ದಾಣದ ಗೋಡೆಯಲ್ಲಿ ತಂಗಿಯ ಮುಖ. ತರಕಾರಿ ಅಂಗಡಿಯ ರೇಡಿಯೋದಲ್ಲಿ ತಂಗಿಯ ಹಾಡು. ಸೈಕಲ್ ರಿಪೇರಿ ಅಂಗಡಿಯ ಮೇಲಿದ್ದ ತನ್ನ ಎರಡು ಕೋಣೆಯ ಮನೆಗೆ ಬಂದರೆ ಟೀವಿಯ ಮುಂದೆ ಕೂತ ಅಮ್ಮ.

"ಬಾರೇ, ಬಾರೇ, ನೋಡು ನಿನ್ನ ತಂಗೀನ! ಎಷ್ಟು ಸಣ್ಣಗಾಗಿದಾಳೆ ಪಾಪ. ಹೊತ್ತೊತ್ತಿಗೆ ಊಟ ಮಾಡ್ತಾಳೋ ಇಲ್ವೋ."

"ಅವಳ ಒಂದು ಹೊತ್ತಿನ ಊಟದ ದುಡ್ಡಲ್ಲಿ ನಮ್ಮ ತಿಂಗಳ ದಿನಸಿ ಬರತ್ತಮ್ಮ. ಅವಳ ಚಿಂತೆ ಬಿಟ್ಟು ನಿನ್ನ ಮಾತ್ರೆ ನುಂಗು."

ಗಂಡ ಶಾಲೆಯ ಬಸ್ಸು ಓಡಿಸುತ್ತಿದ್ದ. ಅವನಿಗೆ ನಾದಿನಿಯ ಹೆಸರಿನಿಂದ ಲಾಭವೇ. "ಇವತ್ತೂ ಕ್ಯಾಂಟೀನಲ್ಲಿ ಟೀಗೆ ಕಾಸು ತಗೊಳ್ಳಲಿಲ್ಲ ಕಣೇ. ಮಿಂಚುಳ್ಳಿ ಭಾವ ಅಂತ ಬಿಸ್ಕತ್ತು ಬೇರೆ ಕೊಟ್ರು" ಎಂದು ಸಂಭ್ರಮದಿಂದ ಹೇಳಿದರೆ ಇವಳು ಪಾತ್ರೆ ಕುಕ್ಕುತ್ತಿದ್ದಳು. "ನನ್ನ ಗಂಡ ಅಂತ ಯಾವತ್ತಾದ್ರೂ ಒಂದು ಲೋಟ ನೀರಾದ್ರೂ ಕೊಟ್ಟಿದಾರೇನ್ರೀ?"

ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತವಳು ಅತ್ತಿತ್ತ ನೋಡಿ, ಚೀಲದಿಂದ ಪೆನ್ನು ತೆಗೆದು, ಪೋಸ್ಟರಿನಲ್ಲಿದ್ದ ತಂಗಿಗೆ ಮೀಸೆ ಬರೆದಳು. ಹುರಿ ಮೀಸೆ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಮೀಸೆಯಲ್ಲೂ ತಂಗಿ ಚೆನ್ನಾಗಿಯೇ ಕಾಣುತ್ತಿದ್ದಳು. ಅದೊಂದು ಬೇರೆ ಉರಿ.

ಅವಳ ಈ ಬೇಗೆಯ ನಡುವೆ ತಂಪಾದ ಗುಟ್ಟೊಂದಿತ್ತು. ಮಿಂಚುಳ್ಳಿಯ ಎರಡನೆಯ ಆಲ್ಬಮ್ಮಿನಲ್ಲಿ ಒಂದು ಹಾಡು ಹುಚ್ಚು ಹಿಡಿಸಿತ್ತು. ಪಲ್ಲವಿಗೆ ಮುಂಚೆ ಒಂದು ಗುನುಗು ಬರುತ್ತದೆ. ಅದರ ತುದಿಯಲ್ಲಿ ದನಿ ಒಡೆದಂತಾಗಿ, ಉಸಿರು ಎಲ್ಲೋ ಸಿಕ್ಕಿಕೊಂಡು, ಆಮೇಲೆ ಪಲ್ಲವಿಗೆ ಧುಮುಕುತ್ತದೆ. ಜನ ಆ ಉಸಿರಿಗೇ ಸೋತರು. ಕಾಲೇಜು ಹುಡುಗಿಯರು ಅದನ್ನು ಅಣಕಿಸಿ ಕಲಿತರು. ಒಂದು ಪತ್ರಿಕೆ ಅದರಲ್ಲಿ ಅಗಲಿಕೆಯ ಆಳ ಕಂಡಿತು. ಅಕ್ಕ ತರಕಾರಿ ಅಂಗಡಿಯಲ್ಲಿ ಟೊಮೆಟೊ ಒತ್ತಿ ನೋಡುತ್ತಿದ್ದಾಗ ಮೊದಲ ಸಲ ಆ ಹಾಡು ಕಿವಿಗೆ ಬಿತ್ತು. ಟೊಮೆಟೊ ಕೈಯಲ್ಲೇ ಒಡೆಯಿತು.

ಅದು ಅಗಲಿಕೆಯಲ್ಲ, ಕೆಮ್ಮು. ತಂಗಿಯದೂ ಅಲ್ಲ, ಇವಳದು! ಟ್ರ್ಯಾಕ್ ಹಾಡಿದ ದಿನ ಇವಳಿಗೆ ನೆಗಡಿಯಾಗಿತ್ತು. ಗುನುಗಿನ ಕೊನೆಗೆ ಕೆಮ್ಮು ಒತ್ತರಿಸಿಕೊಂಡು ಬಂದದ್ದನ್ನು ನುಂಗಿದ್ದಳು. ರೆಕಾರ್ಡಿಸ್ಟು ಸಾಲು ಸಾಲಾಗಿ ಇವಳ ದನಿ ಅಳಿಸುತ್ತ ಬಂದವನು ಆ ಗುನುಗನ್ನು ಮಾತ್ರ ಮರೆತುಬಿಟ್ಟಿದ್ದ. ದನಿಗಳು ಅಷ್ಟು ಒಂದೇ ಆಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

"ಅದು ನಾನು ಕಣಪ್ಪ," ಎಂದಳು ಅವನ ಹತ್ತಿರ ಹೋಗಿ.

ರೆಕಾರ್ಡಿಸ್ಟನ ಮುಖ ಸುಣ್ಣ ಬಳಿದ ಹಾಗಾಯಿತು. "ಅಕ್ಕಾ, ಕೈ ಮುಗೀತೀನಿ, ಬಾಯಿ ಬಿಡ್ಬೇಡಿ. ನನ್ನ ಕೆಲಸ ಹೋಗತ್ತೆ."

ಅವಳು ಬಾಯಿ ಬಿಡಲಿಲ್ಲ. ಅವನ ಮೇಲಿನ ಕನಿಕರಕ್ಕಲ್ಲ. ಬಾಯೊಳಗಿಟ್ಟು ಚೀಪಲು ಅದೊಂದು ಒಳ್ಳೆಯ ಪೆಪ್ಪರಮಿಂಟಾಗಿತ್ತು. ಊರೂರಿನ ವೇದಿಕೆಗಳಲ್ಲಿ, ಸಾವಿರಾರು ಜನರ ಮುಂದೆ, ಮಿಂಚುಳ್ಳಿ ಅಕ್ಕನ ಕೆಮ್ಮನ್ನು ಕಲಿತು ಕೆಮ್ಮುತ್ತಿದ್ದಾಳೆ! ಅದನ್ನು ನೆನೆದರೆ ಊಟ ಚೆನ್ನಾಗಿ ಸೇರುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ತಂಗಿ ಮನೆಯ ಬಾಗಿಲಿಗೆ ಬಂದು ನಿಂತಳು. ಕಾರಿಲ್ಲ, ಜೊತೆಗೆ ಛತ್ರಿ ಹಿಡಿಯುವವರಿಲ್ಲ. ಎರಡು ಸೂಟ್‌ಕೇಸು, ಕೆಂಪಾದ ಕಣ್ಣು.

"ಕಂಪನಿ ಬಿಟ್ಟೆ ಅಕ್ಕ."

ಕರಾರಿನಲ್ಲಿ ಒಪ್ಪಿಕೊಂಡಿದ್ದಷ್ಟು ಆಲ್ಬಮ್ಮು ಹಾಡಿ ಮುಗಿಸಿದ್ದಳು. ಮತ್ತೆ ಸಹಿ ಹಾಕು ಅಂದರು. ಇಲ್ಲಿಯವರೆಗೆ ನನಗೆ ಬಂದದ್ದೆಷ್ಟು ಎಂದು ತಂಗಿ ಕೇಳಿದಳು. ಇನ್ನೂ ಏನೂ ಬಂದಿಲ್ಲ, ನಾವು ಹಾಕಿದ ಖರ್ಚೇ ವಾಪಸ್ ಹುಟ್ಟಿಲ್ಲ ಅಂದರು. ಹಾಗಾದರೆ ನಾನು ಹೊರಟೆ ಅಂದಾಗ ಸೆಂಟು ನಕ್ಕು, "ಧಾರಾಳವಾಗಿ ಹೋಗಿ. ಹೆಸರು ಮಾತ್ರ ಇಲ್ಲೇ ಇಟ್ಟು ಹೋಗಿ" ಎಂದನಂತೆ. ಮಿಂಚುಳ್ಳಿ ಎಂಬುದು ಕಂಪನಿಯ ಸ್ವತ್ತು. ಕಾಗದದಲ್ಲಿ ಹಾಗೇ ಇತ್ತು. ಕಾರಿನ ಕೀ ಮೇಜಿನ ಮೇಲಿಟ್ಟು, ಸ್ವಂತ ಹೆಸರು ಹೊತ್ತುಕೊಂಡು ಬಂದಿದ್ದಳು. ಆ ಹೆಸರಿನಲ್ಲಿ ಅವಳನ್ನು ಯಾರೂ ಗುರುತಿಸುತ್ತಿರಲಿಲ್ಲ.

ಅಮ್ಮ ಗೊಳೋ ಎಂದು ಅತ್ತಳು. ಗಂಡ ಸೂಟ್‌ಕೇಸು ಒಳಗಿಟ್ಟು, ಇನ್ನು ಬಿಟ್ಟಿ ಟೀ ಹೋಯಿತಲ್ಲ ಎಂಬ ಮುಖ ಮಾಡಿದ. ಅಕ್ಕ ಒಳಗೆ ಹೋಗಿ ಹಾಸಿಗೆ ಹಾಸಿದಳು, ಬಿಸಿನೀರಿಟ್ಟಳು, ತನ್ನ ತಟ್ಟೆಯಲ್ಲೇ ಬಡಿಸಿದಳು. ಇಷ್ಟು ಉಪಚಾರ ಅವಳಿಗೆ ಎಲ್ಲಿಂದ ಬಂತು? ಹೊಟ್ಟೆ ತಣ್ಣಗಾಗಿತ್ತು, ಅಲ್ಲಿಂದ. ತಂಗಿ ನೆಲದ ಮೇಲೆ ಮಲಗಿದ್ದನ್ನು ಬಾಗಿಲಲ್ಲಿ ನಿಂತು ನೋಡಿದಳು. ಒಂದು ಸಲ ಸಾಲದೆ ಮತ್ತೊಂದು ಸಲ ಬಂದು ನೋಡಿದಳು.

ವಾರ ಕಳೆದಿರಲಿಲ್ಲ, ಸೆಂಟಿನಿಂದ ಅಕ್ಕನಿಗೆ ಕರೆ ಬಂತು. ಸ್ಟುಡಿಯೋದ ಹಜಾರದಲ್ಲಿ ಅವನೇ ಎದುರು ಬಂದು ಬಾಗಿಲು ತೆರೆದು ಹಿಡಿದ.

"ಬನ್ನಿ ಮೇಡಂ."

ಅಕ್ಕ ಹಿಂದೆ ತಿರುಗಿ ನೋಡಿದಳು, ಯಾರಾದರೂ ಮೇಡಂ ಬರುತ್ತಿದ್ದಾರೋ ಎಂದು. ಯಾರೂ ಇರಲಿಲ್ಲ.

"ಆ ಗುನುಗು ನಿಮ್ಮದಂತೆ. ರೆಕಾರ್ಡಿಸ್ಟು ಈಗ ಬಾಯಿ ಬಿಟ್ಟ. ಇಷ್ಟು ವರ್ಷ ನಮ್ಮ ಬಗಲಲ್ಲೇ ಇಂಥ ದನಿ ಇಟ್ಕೊಂಡು ನಾವು ಎಂಥ ಕುರುಡರು ನೋಡಿ! ನೇರವಾಗಿ ಹೇಳ್ತೀನಿ. ನಮಗೆ ಮಿಂಚುಳ್ಳಿ ಬೇಕು. ನೀವಾಗ್ತೀರಾ?"

"ನಾನಾ? ಜನ ಮುಖ ನೋಡಲ್ವಾ?"

"ಮುಖಕ್ಕೇನು ಮೇಡಂ? ಹಲ್ಲಿನ ಡಾಕ್ಟರಿದಾರೆ, ಮೇಕಪ್ಪಿದೆ, ಮಬ್ಬು ಬೆಳಕಿದೆ. ಮಿಂಚುಳ್ಳಿ ಹೊಸ ಅವತಾರ ಅಂತೀವಿ. ಎರಡನೇ ಹಾಡಿಗೆ ಜನ ಹಳೇ ಮುಖ ಮರ್ತಿರ್ತಾರೆ. ಡಾಕ್ಟರ ಖರ್ಚೂ ನಾವೇ ನೋಡ್ಕೋತೀವಿ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಕ್ಕ ಗಾಜಿನ ಧೂಳಿನ ಮೇಲೆ ಬೆರಳಿನಿಂದ ಮಿಂಚುಳ್ಳಿ ಎಂದು ಬರೆದಳು. ಕೊನೆಯ ಅಕ್ಷರಕ್ಕೆ ಬಾಲ ಎಳೆದಳು. ಇನ್ನೂ ಚೆಂದದ ಬಾಲ ಬೇಕೆನಿಸಿತು. ಒರೆಸಿ ಮತ್ತೆ ಬರೆದಳು. ಪಕ್ಕದಲ್ಲಿದ್ದ ಹೆಂಗಸು, "ಮಿಂಚುಳ್ಳಿ ಹಾಡು ಅಂದ್ರೆ ನಿಮಗೂ ಇಷ್ಟವಾ?" ಎಂದು ಕೇಳಿದಾಗ, "ಹೂಂ, ಮುಂದಿನದು ಇನ್ನೂ ಚೆನ್ನಾಗಿರತ್ತೆ" ಎಂದಳು.

ಪಾಪಪ್ರಜ್ಞೆ ಇರಲಿಲ್ಲವೇ? ಇತ್ತು, ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಅವಳು ಬಿಟ್ಟದ್ದನ್ನು ತಾನೇ ನಾನು ತಗೊಳ್ಳೋದು, ಕಿತ್ತುಕೊಂಡದ್ದಲ್ಲವಲ್ಲ ಎಂದು ಅದನ್ನು ಚಟ್ ಎಂದು ಹೊಡೆದು ಸಾಯಿಸಿದಳು. ಆದರೂ ಸಹಿ ಹಾಕುವ ಮುಂಚೆ ಒಂದು ವಿಷಯ ತಿಳಿಯಬೇಕಿತ್ತು. ಇಷ್ಟು ದೊಡ್ಡ ಹೆಸರಿಟ್ಟುಕೊಂಡವಳ ಕೈಯಲ್ಲಿ ಏನೂ ಇಲ್ಲ ಎಂದರೆ ಹೇಗೆ? ಎಲ್ಲೋ ಬಚ್ಚಿಟ್ಟಿರುತ್ತಾಳೆ ಎಂದು ಅವಳ ಗುಮಾನಿ. ಅದನ್ನು ಬಚ್ಚಿಟ್ಟವಳ ಬಾಯಿಂದಲೇ ತೆಗೆಯಬೇಕು.

ಮಧ್ಯಾಹ್ನ ಇಬ್ಬರೂ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು. ನಡುವೆ ತಂತಿಯ ಮೇಲೆ ಒದ್ದೆ ದುಪ್ಪಟಿ. ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅಕ್ಕನಿಗೂ ಅದೇ ಬೇಕಿತ್ತು.

"ಅಲ್ಲ ಕಣೇ, ಇಷ್ಟು ವರ್ಷ ಹಾಡಿ ಏನೂ ಉಳೀಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ನೀನಂತೂ ನಂಬಲ್ಲ."

"ಹೇಳು. ನಂಬೋದು ಬಿಡೋದು ಆಮೇಲೆ."

"ನೂರು ಬಂದ್ರೆ ನಂದು ಹತ್ತು ಅಂತ ಬರ್ದಿತ್ತು. ಉಳಿದ ತೊಂಬತ್ತು ಕಂಪನಿದು. ದುಡ್ಡು ಹಾಕೋರು ಅವರಲ್ವಾ, ಅದಕ್ಕೆ."

"ಸರಿ. ಹಾಕಿದ್ದಕ್ಕೆ ತೊಂಬತ್ತು ತಗೊಂಡ್ರು. ಹತ್ತು ನಿಂಗೆ ಬಂತಲ್ಲ?"

"ಎಲ್ಲಿ ಬಂತು? ಅವರು ಹಾಕಿದ್ದನ್ನ ನನ್ನ ಹತ್ತರಲ್ಲೇ ಮುರ್ಕೋತಾರೆ ಅಕ್ಕ. ತೊಂಬತ್ತನ್ನ ಯಾರೂ ಮುಟ್ಟೋ ಹಾಗಿಲ್ಲ. ಸ್ಟುಡಿಯೋ ಬಾಡಿಗೆ ನನ್ನ ಹತ್ತರಲ್ಲಿ. ವಾದ್ಯದೋರು, ವಿಡಿಯೋ, ಪೋಸ್ಟರು, ಹೋಟೆಲ್ಲು, ಎಲ್ಲ ಅದರಲ್ಲೇ. ಮೊದ್ಲು ಕೈಗೆ ಒಂದಿಷ್ಟು ಮುಂಗಡ ಕೊಟ್ಟಿದ್ರಲ್ಲ, ಅದರಲ್ಲೇ ಇಷ್ಟು ದಿನ ಉಂಡಿದ್ದು. ಅದೂ ಆ ಹತ್ತರಲ್ಲೇ ವಜಾ."

"ಕಾರು?"

"ಕಾರು ಅವರ ಹೆಸರಲ್ಲಿ. ಖರ್ಚು ನನ್ನ ಲೆಕ್ಕದಲ್ಲಿ."

"ಹಾಗಾದ್ರೆ ಸಾಲವಾ ಇದು?"

"ಸಾಲ ಅಲ್ಲ ಅಂತಾರೆ. ಯಾರೂ ಮನೆ ಬಾಗಿಲಿಗೆ ಬಂದು ಕೇಳಲ್ಲ. ಆದ್ರೆ ಅದು ಹುಟ್ಟೋ ತನಕ ನಂಗೆ ಬಿಡಿಗಾಸೂ ಇಲ್ಲ. ಇನ್ನೇನು ಹುಟ್ಟಿತು ಅನ್ನೋ ಹೊತ್ತಿಗೆ ಮುಂದಿನ ಆಲ್ಬಮ್ಮಿನ ಖರ್ಚು ಬಂದು ಅದರ ಮೇಲೆ ಕೂರತ್ತೆ."

ಅಕ್ಕ ಬಟ್ಟೆಗೆ ಕ್ಲಿಪ್ಪು ಹಾಕುವುದನ್ನು ನಿಲ್ಲಿಸಿದಳು. "ಟೀವೀಲಿ ಹುಟ್ಟಿದಹಬ್ಬಕ್ಕೆ ಕೇಕು ಕತ್ತರಿಸಿದ್ಯಲ್ಲ. ಮೂರಂತಸ್ತು. ಮೇಲೆ ನೀಲಿ ಸಕ್ಕರೆ ಹಕ್ಕಿ. ಅದು?"

"ಅದೂ."

ಅಕ್ಕನಿಗೆ ಆ ಕೇಕು ಚೆನ್ನಾಗಿ ನೆನಪಿತ್ತು. ಅವಳನ್ನು ಕರೆದಿರಲಿಲ್ಲ. ಅಮ್ಮನ ಜೊತೆ ಟೀವಿಯ ಮುಂದೆ ಕೂತು ನೋಡಿ, ಹಕ್ಕಿಯನ್ನು ಯಾರ ಬಾಯಿಗಿಡುತ್ತಾಳೆ ಎಂದು ಕಣ್ಣು ಕೀಲಿಸಿದ್ದಳು. ಸೆಂಟಿನ ಬಾಯಿಗಿಟ್ಟಿದ್ದಳು.

ಆ ಕಡೆಯಿಂದ ತಂಗಿ ಹೇಳಿದಳು. "ಟ್ರ್ಯಾಕ್ ಹಾಡೋರಿಗೆ ಕೊಟ್ಟಿದ್ದೂ ಅದರಲ್ಲೇ ಅಕ್ಕ."

ದುಪ್ಪಟಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಕಂಪನಿಗಳ ಜಾಣತನವನ್ನು ಎಲ್ಲಾದರೂ ನೋಡಬೇಕೆಂದರೆ ಇಲ್ಲಿ ನೋಡಬೇಕು. ಒಬ್ಬಳಿಗೆ ಅದೇ ದಿನ ನಗದು ಕೊಟ್ಟು ಕೃತಜ್ಞತೆ ಗಳಿಸಿಕೊಂಡರು. ಆ ನಗದನ್ನು ಇನ್ನೊಬ್ಬಳ ಪಾಲಿನಿಂದ ಮುರಿದುಕೊಂಡು ಅವಳನ್ನು ಬರಿದು ಮಾಡಿದರು. ತಮ್ಮ ಗಂಟಿನಿಂದ ಒಂದು ಎಳೆಯೂ ಹೋಗಲಿಲ್ಲ. ಮೋಸ ಅಂದರೆ ಅವರಿಗೆ ಕೋಪ ಬರುತ್ತದೆ, ಸಹಿ ಇದೆಯಲ್ಲ ಅನ್ನುತ್ತಾರೆ. ಹಾಡುವ ಹುಚ್ಚಿನಲ್ಲಿ ಬಂದ ಹದಿಹರೆಯದ ಹುಡುಗಿಯ ಮುಂದೆ ದಪ್ಪ ಕಾಗದದ ಕಟ್ಟು ಇಟ್ಟು, ಕೊನೆಯ ಹಾಳೆಯನ್ನು ಮಾತ್ರ ತೆರೆದು ಬೆರಳು ತೋರಿಸುವುದಕ್ಕೆ ಅವರಲ್ಲಿ ಒಪ್ಪಂದ ಎಂದು ಹೆಸರು.

"ಹೇಳಕ್ಕೇನಾಗಿತ್ತು ನಿಂಗೆ?" ಅಕ್ಕನ ದನಿ ಗಡುಸಾಯಿತು.

"ಹೇಳಿದ್ರೆ ನೀನು ಟ್ರ್ಯಾಕ್ ಬಿಡ್ತಿದ್ದೆ. ನೀನು ಹಾಡಿಡದಿದ್ರೆ ನಂಗೆ ಹಾಡಕ್ಕೇ ಬರಲ್ಲ ಅಂತ ನಿಂಗೊತ್ತಿಲ್ವಾ?"

ಬೇರೆ ಯಾರಾದರೂ ಆಗಿದ್ದರೆ ಈ ಮಾತಿಗೆ ಕರಗುತ್ತಿದ್ದರು. ಅಕ್ಕನಿಗೆ ಕೇಳಿಸಿದ್ದೇ ಬೇರೆ. ಅವಳಿಗೆ ಈ ಲೋಕದಲ್ಲಿ ಹೆಮ್ಮೆ ಅಂತ ಒಂದೇ ಒಂದಿತ್ತು: ದುಡಿದ ದಿನವೇ ಕೈಗೆ ಬರುವ ತನ್ನ ದುಡ್ಡು. ಅದೂ ತಂಗಿಯದೇ ಅಂತಾಯಿತು. ಮನೆಯ ಬಾಡಿಗೆ, ಅಮ್ಮನ ಮಾತ್ರೆ, ಮೈಮೇಲಿನ ಬಟ್ಟೆ, ಪೋಸ್ಟರಿಗೆ ಮೀಸೆ ಬರೆದ ಪೆನ್ನು ಕೂಡ! ಖಾಲಿ ಬಕೆಟ್ಟನ್ನು ದಡಾರನೆ ಎತ್ತಿಕೊಂಡು ಕೆಳಗಿಳಿದವಳು ಮೆಟ್ಟಿಲಲ್ಲೇ ನಿರ್ಧಾರ ಮಾಡಿದಳು. ನಾಳೆಯೇ ಸಹಿ. ಸೆಂಟಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಳು.

ಮರುದಿನ ಅಮ್ಮನಿಗೆ ರೆಕಾರ್ಡಿಂಗು ಅಂತ ಹೇಳಿದಳು. ತಂಗಿ ಅಕ್ಕನ ಒಳ್ಳೆಯ ಉಡುಪನ್ನು ತೆಗೆದು, ನೀರು ಚಿಮುಕಿಸಿ, ಕಾಲರಿನ ಅಂಚನ್ನೂ ಬಿಡದೆ ಇಸ್ತ್ರಿ ಮಾಡಿ ಕೊಟ್ಟಳು.

ಸೆಂಟಿನ ಕೋಣೆ ತಣ್ಣಗಿತ್ತು. ಗಾಜಿನ ಮೇಜು, ಗೋಡೆಯ ಉದ್ದಕ್ಕೂ ಚೌಕಟ್ಟಿನಲ್ಲಿ ಮಿಂಚುಳ್ಳಿ. ಒಂದು ಚೌಕಟ್ಟನ್ನು ಆಗಲೇ ಇಳಿಸಿದ್ದರು. ಅದರ ಜಾಗದಲ್ಲಿ ಗೋಡೆಯ ಬಣ್ಣ ಉಳಿದದ್ದಕ್ಕಿಂತ ಬೆಳ್ಳಗಿತ್ತು. ಅಲ್ಲಿ ನಾನು ಎಂದುಕೊಂಡಳು ಅಕ್ಕ. ಕಾಗದದ ಕಟ್ಟು ಬಂತು. ಸೆಂಟು ಕೊನೆಯ ಹಾಳೆ ತೆರೆದು ಬೆರಳಿಟ್ಟ. ಪೆನ್ನು ಕೈಗೆ ಬಂತು, ತೂಕದ ಪೆನ್ನು. ತುದಿ ಕಾಗದಕ್ಕೆ ತಾಗುವುದರಲ್ಲಿತ್ತು.

"ಒಂದು ಕೇಳ್ಬೋದಾ?"

"ನೂರು ಕೇಳಿ ಮೇಡಂ."

"ಖರ್ಚು ಮುರ್ಕೊಳ್ಳೋದು ಇದೆಯಲ್ಲ, ಅದು ಇವತ್ತಿಂದ ತಾನೇ? ನನ್ನ ಖರ್ಚು ಮಾತ್ರ?"

ಸೆಂಟು ಕುರ್ಚಿಗೆ ಒರಗಿದ. "ಲೆಕ್ಕ ಇರೋದು ಮಿಂಚುಳ್ಳಿ ಅನ್ನೋ ಹೆಸರಲ್ಲಿ ಮೇಡಂ. ಮನುಷ್ಯರ ಮೇಲಲ್ಲ. ಹೆಸರು ತಗೊಂಡ್ರೆ ಹಳೇ ಬಾಕೀನೂ ಅದರ ಹಿಂದೆ ಬರತ್ತೆ. ಬಾಲ ಬಿಟ್ಟು ಹಕ್ಕಿ ಹಾರ್ಕೊಂಡು ಬರತ್ತಾ? ಆದ್ರೆ ನೀವು ತಲೆ ಕೆಡಿಸ್ಕೋಬೇಡಿ, ನಿಮ್ಮ ಜೇಬಿಂದ ಯಾರೂ ಕೇಳಲ್ಲ."

"ನಾನು ಹಾಡಿದ್ದರಲ್ಲಿ ಮುರ್ಕೋತೀರಿ."

"ಅದು ಪದ್ಧತಿ."

"ಅಂದ್ರೆ ನನ್ನ ತಂಗಿ ಮೆರೆದಾಡಿದ ಕಾರಿನ ದುಡ್ಡು ನಾನು ಹಾಡಿ ಹುಟ್ಟಿಸ್ಬೇಕು."

"ಹಾಗೆ ಬಿಡಿಸಿ ನೋಡ್ಬಾರದು..."

"ಅವಳ ಕಿವಿಯೋಲೆ?"

"ಇರ್ಬೋದು."

"ನೀಲಿ ಹಕ್ಕಿ ಕೇಕು?"

ಸೆಂಟಿಗೆ ನಗು ಬಂತು. "ಅದೆಲ್ಲ ಪ್ರಚಾರದ ಖರ್ಚು ಅಂತ ಒಟ್ಟಿಗೇ ಇರತ್ತೆ ಮೇಡಂ. ಕೇಕು ಅಂತ ಬೇರೆ ತೆಗೆಯಕ್ಕಾಗಲ್ಲ."

"ನನಗೊಂದು ತುಂಡು ಕೊಟ್ಟಿದ್ರಾ?"

"ಏನು?"

"ಕೇಕಲ್ಲಿ. ಒಂದು ತುಂಡು. ಕರೆದಿದ್ರಾ ನನ್ನ? ಹಕ್ಕಿ ನಿಮ್ಮ ಬಾಯಿಗೆ ಹೋಯ್ತು, ನಾನು ಮನೇಲಿ ಕೂತು ನೋಡಿದೀನಿ. ಅವಳು ಕತ್ತರಿಸಿದ್ಲು, ನೀವು ತಿಂದ್ರಿ. ಈಗ ಅದರ ದುಡ್ಡು ನಾನು ಕೆಮ್ಮಿ ಕೆಮ್ಮಿ ತೀರಿಸ್ಬೇಕಾ? ಯಾರ ಮನೆ ನ್ಯಾಯಾರೀ ಇದು!"

ಪೆನ್ನಿನ ಮುಚ್ಚಳ ಹಾಕಿ, ಅದನ್ನು ಗಾಜಿನ ಮೇಲಿಟ್ಟು ಎದ್ದಳು. ಬೆಳ್ಳಗಿನ ಚೌಕವನ್ನು ಇನ್ನೊಮ್ಮೆ ನೋಡಿದಳು. ಆಸೆ ಸತ್ತಿರಲಿಲ್ಲ. ಆದರೆ ತಂಗಿಯ ಕೇಕಿಗೆ ದುಡ್ಡು ಕೊಡುವ ಸಂಕಟ ಆ ಆಸೆಗಿಂತ ದೊಡ್ಡದಾಗಿತ್ತು.

"ಏನಮ್ಮ, ತಮಾಷೆನಾ?" ಸೆಂಟಿನ ಬಾಯಿಂದ ಮೇಡಂ ಉದುರಿಹೋಗಿತ್ತು. "ನಿನ್ನಂಥೋರು ಬೀದಿಗೆ ಹತ್ತು ಜನ ಸಿಗ್ತಾರೆ. ಆಮೇಲೆ ಟ್ರ್ಯಾಕೂ ಇಲ್ಲ, ಏನೂ ಇಲ್ಲ, ನೆನಪಿಟ್ಕೋ."

"ಸಿಗ್ಲಿ, ಕರ್ಕೊಳ್ಳಿ. ಅವರಿಗಾದ್ರೂ ಮೊದ್ಲು ಕೇಕು ತಿನ್ಸಿ, ಆಮೇಲೆ ಸಹಿ ಹಾಕಿಸ್ಕೊಳ್ಳಿ."

ಇದನ್ನು ಓದುವವರು ಯಾರೂ ಅವಳ ಕೊರಳಿಗೆ ಹಾರ ಹಾಕುವ ಆತುರ ಮಾಡಬಾರದು. ತಂಗಿಯ ಮೇಲಿನ ಪ್ರೀತಿ ಅವಳನ್ನು ಆ ಕುರ್ಚಿಯಿಂದ ಎಬ್ಬಿಸಲಿಲ್ಲ. ಹಳೆಯ ಬಾಕಿ ಮನ್ನಾ ಎಂದು ಸೆಂಟು ಅಂದಿದ್ದರೆ ಎರಡೆಳೆಯ ಬಾಲ ಎಳೆದು ಸಹಿ ಹಾಕಿಬಿಡುತ್ತಿದ್ದಳು. ಅವಳನ್ನು ಉಳಿಸಿದ್ದು ಹೊಟ್ಟೆಕಿಚ್ಚು. ಬುದ್ಧಿವಂತರು, ಓದಿದವರು, ವಕೀಲರನ್ನು ಬಲ್ಲವರು ಎಷ್ಟೋ ಜನ ಸಹಿ ಹಾಕಿದ ಜಾಗದಲ್ಲಿ ಅದೊಂದು ಅವಳ ಕೈ ಹಿಡಿದು ನಿಲ್ಲಿಸಿತು.

ಮನೆಯ ಮೆಟ್ಟಿಲ ಮೇಲೆ ತಂಗಿ ಕೂತಿದ್ದಳು. ಸೈಕಲ್ ಅಂಗಡಿಯ ಗ್ರೀಸು ಲಂಗದ ಅಂಚಿಗೆ ಹತ್ತಿತ್ತು. ಬಹಳ ಹೊತ್ತಿನಿಂದ ಕೂತಿರಬೇಕು.

"ಹಾಕಿದ್ಯಾ?" ಎಂದಳು.

ಅಕ್ಕ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದೆ ತೆಗೆದಳು. "ಏನು?"

"ಸಹಿ. ನಿನ್ನೆ ಸಂಜೆ ಸೆಂಟು ಫೋನ್ ಮಾಡಿದ್ದ. ನೀನು ವಾಪಸ್ ಬರ್ದಿದ್ರೆ ನಿನ್ನ ಅಕ್ಕನೇ ಮಿಂಚುಳ್ಳಿ, ನಾಳೆ ಬರ್ತಾಳೆ ಅಂತ."

"ಗೊತ್ತಿದ್ದೂ ಇಸ್ತ್ರಿ ಮಾಡಿಕೊಟ್ಯಾ?"

"ಮತ್ತೆ? ಅಲ್ಲಿ ಮುದುಡಿದ ಬಟ್ಟೇಲಿ ಕೂರಕ್ಕಾಗತ್ತಾ ನಿಂಗೆ?"

ಅಕ್ಕನಿಗೆ ಮೈಯೆಲ್ಲ ಉರಿಯಿತು. ಮುಖದಲ್ಲಿ ಮುಂದು, ಹೆಸರಿನಲ್ಲಿ ಮುಂದು, ಈಗ ಒಳ್ಳೆಯತನದಲ್ಲೂ ತನ್ನನ್ನು ಹಿಂದೆ ಹಾಕಿ ಮೆಟ್ಟಿಲ ಮೇಲೆ ಕೂತಿದ್ದಾಳೆ ಮಹಾತಾಯಿ.

"ಹಾಕಲಿಲ್ಲ," ಎಂದಳು ಸಿಡುಕಿ.

ತಂಗಿ ಎದ್ದು ಬಂದು ಅಪ್ಪಿಕೊಂಡಳು. "ನಂಗೋಸ್ಕರ ಬಿಟ್ಟು ಬಂದ್ಯಾ ಅಕ್ಕ?"

ಹೂಂ ಅಂದುಬಿಟ್ಟಿದ್ದರೆ ಸಾಯುವ ತನಕ ದೊಡ್ಡ ಅಕ್ಕನಾಗಿ ಉಳಿಯಬಹುದಿತ್ತು. ಅಕ್ಕನಿಗೆ ಅದೂ ಸೇರಲಿಲ್ಲ.

"ನಿನ್ನ ಮುಖಕ್ಕೆ! ನಿನ್ನ ಕೇಕಿನ ದುಡ್ಡು ನಾನ್ಯಾಕೆ ಕೊಡ್ಲಿ ಅಂತ ಬಿಟ್ಟು ಬಂದೆ. ಮೈಯೆಲ್ಲ ಹೊಟ್ಟೆಕಿಚ್ಚು ಕಣೇ ನಂಗೆ. ನಿನ್ನ ಪೋಸ್ಟರಿಗೆ ಮೀಸೆ ಬರ್ದಿದೀನಿ, ಗೊತ್ತಾ?"

ತಂಗಿ ದೂರ ಸರಿದು ಅವಳ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಗೋಡೆ ಹಿಡಿದುಕೊಂಡು ನಕ್ಕಳು. ಕೆಳಗಿನ ಸೈಕಲ್ಲಿನವನು ಕತ್ತೆತ್ತಿ ನೋಡುವಷ್ಟು ನಕ್ಕಳು.

"ಅಯ್ಯೋ ಅಕ್ಕ, ಆ ಕೇಕಲ್ಲಿ ತಿನ್ನಕ್ಕೇನಿತ್ತು? ಕೆಳಗಿನ ಎರಡಂತಸ್ತು ಬರೀ ರಟ್ಟು. ಮೇಲೆ ಕ್ರೀಮು ಬಳಿದಿದ್ರು, ಕ್ಯಾಮೆರಾಕ್ಕೆ."

"ರಟ್ಟಾ?"

"ರಟ್ಟು."

"ಮತ್ತೆ ಪೂರ್ತಿ ಕೇಕಿನ ದುಡ್ಡು ಮುರ್ಕೊಂಡ್ರಾ?"

"ಪೂರ್ತಿ."

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. "ಹಾಳಾದೋರು," ಎಂದಳು. ಬಹಳ ವರ್ಷಗಳ ಮೇಲೆ ತಂಗಿಯನ್ನು ಬಿಟ್ಟು ಇನ್ನೊಬ್ಬರ ಮೇಲೆ ಅವಳಿಗೆ ಸಿಟ್ಟು ಬಂದಿತ್ತು.

ಸೆಂಟು ಹೇಳಿದ ಹಾಗೆ ಅವನಿಗೆ ಇನ್ನೊಬ್ಬಳು ಸಿಕ್ಕಳು. ಗಲ್ಲದ ಮೇಲೆ ಮಚ್ಚೆಯಿರುವ, ಇಪ್ಪತ್ತೂ ತುಂಬದ ಹುಡುಗಿ. ಬಸ್ ನಿಲ್ದಾಣದ ಗೋಡೆಯಲ್ಲಿ ಈಗ ಅವಳೇ ಮಿಂಚುಳ್ಳಿ. ಅಕ್ಕ ಅವಳ ಮುಖದ ಮೇಲೆ ಏನೂ ಬರೆಯಲಿಲ್ಲ. ಒಂದು ಸಲ ಹತ್ತಿರ ನಿಂತು, "ಅವರು ಕಾರು ಕೊಟ್ರೆ ಹತ್ಬೇಡ ಕಣಮ್ಮ" ಎಂದು ಗೋಡೆಗೆ ಹೇಳಿದಳು. ಗೋಡೆ ಏನು ಕೇಳಿಸಿಕೊಳ್ಳುತ್ತದೆ? ಹುಡುಗಿಯ ಮನೆ ಎಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ. ಹುಡುಕಿ ಹೋಗಿ ಹೇಳಬೇಕಿತ್ತು ಎಂದು ನನಗನಿಸುತ್ತದೆ. ಅವಳು ಹೋಗಲಿಲ್ಲ.

ಅಕ್ಕ ಬೇರೆ ಸ್ಟುಡಿಯೋಗಳ ಮೆಟ್ಟಿಲು ಹತ್ತಿದಳು. ಹಳೆಯ ಹೆಸರು, ಹಳೆಯ ಕೆಲಸ. ತಂಗಿಯೂ ಸುಮ್ಮನೆ ಕೂರಲಿಲ್ಲ. ಮಿಂಚುಳ್ಳಿ ಅಂತ ಹಾಡುವ ಹಾಗಿಲ್ಲ. ಸ್ವಂತ ಹೆಸರಿನಲ್ಲಿ ಕೇಳುವವರಿಲ್ಲ. ಟ್ರ್ಯಾಕ್ ಹಾಡುವವರಿಗಾದರೆ ಹೆಸರೇ ಬೇಡ. ಅವಳೂ ಅದಕ್ಕೇ ಇಳಿದಳು; ಅಕ್ಕ ಹಾಡಿಡದಿದ್ದರೆ ಬರಲ್ಲ ಅಂದವಳು ನೋಡನೋಡುತ್ತ ಕಲಿತೂ ಬಿಟ್ಟಳು. ಅಕ್ಕನೇ ಕರೆದುಕೊಂಡು ಹೋಗಿ, "ಇವಳು ನನ್ನ ತಂಗಿ, ಸುಮಾರಾಗಿ ಹಾಡ್ತಾಳೆ" ಎಂದು ಪರಿಚಯ ಮಾಡಿಸಿದ್ದಳು.

ಒಂದು ಬೆಳಗ್ಗೆ ಅಕ್ಕ ಅಡುಗೆಮನೆಯಲ್ಲಿದ್ದಾಗ ಅವಳ ಫೋನು ಹೊಡೆದುಕೊಂಡಿತು. ಆ ಹಳೆಯ ರೆಕಾರ್ಡಿಸ್ಟು, ಈಗ ಹೊಸ ಸ್ಟುಡಿಯೋದಲ್ಲಿ.

"ಅಕ್ಕಾ, ಇವತ್ತು ಒಂದು ಹಾಡಿದೆ..."

"ಬರ್ತೀನಿ ಕಣಪ್ಪ, ಇದೋ ಹೊರಟೆ."

"ಅಲ್ಲ ಅಕ್ಕ... ತಂಗಿ ಇದಾರಾ ಮನೇಲಿ? ಮ್ಯೂಸಿಕ್ ಡೈರೆಕ್ಟರು ಅವರೇ ಬೇಕು ಅಂತಿದಾರೆ."

ಒಲೆಯ ಮೇಲಿದ್ದದ್ದು ಉಕ್ಕುತ್ತಿತ್ತು. ಅಕ್ಕ ಅದನ್ನು ನೋಡುತ್ತ ನಿಂತಳು. ತನ್ನ ಕೆಲಸ! ಯಾರಿಗೂ ಬೇಡವಾಗಿದ್ದ, ಮುಖ ಬೇಡದ, ಹೆಸರು ಬೇಡದ, ಅಳಿಸಿಹಾಕುವ ಕೆಲಸ. ಅದರಲ್ಲೂ ಅವಳೇ ಬೇಕಂತೆ ಇವರಿಗೆ. ಇಲ್ಲ, ಊರಿಗೆ ಹೋಗಿದಾಳೆ ಅಂದುಬಿಡಲು ನಾಲಿಗೆ ತುದಿಯವರೆಗೆ ಮಾತು ಬಂದಿತ್ತು. ಕೋಣೆಯಲ್ಲಿ ತಂಗಿ ಅಮ್ಮನಿಗೆ ತಲೆ ಬಾಚುತ್ತ ಏನೋ ಗುನುಗುತ್ತಿದ್ದಳು. ಹಾಳಾದವಳು, ಗುನುಗಿದರೂ ಚೆನ್ನಾಗಿತ್ತು.

"ಇದಾಳೆ," ಎಂದಳು ಅಕ್ಕ ಹಲ್ಲು ಕಚ್ಚಿ. "ಕೊಡ್ತೀನಿ. ಅದಕ್ಕೆ ಮುಂಚೆ ಕೇಳಿಸ್ಕೋ. ದುಡ್ಡು ಇವತ್ತೇ, ಅವಳ ಕೈಗೇ. ಯಾರ ಪಾಲಲ್ಲೂ ಮುರ್ಕೊಂಡು ಕೊಡೋ ಹಾಗಿಲ್ಲ. ಟೀ ಕುಡಿಸಿದ್ರೆ ಟೀ ದುಡ್ಡು ಹಿಡಿಯೋ ಹಾಗಿಲ್ಲ. ಏನಾದ್ರೂ ಕಾಗದ ಮುಂದಿಟ್ಟೀರೋ, ನಾನೇ ಬರ್ತೀನಿ ಅಲ್ಲಿಗೆ."

"ಆಯ್ತಕ್ಕ, ಆಯ್ತು. ಎಷ್ಟು ಕೊಡ್ಬೇಕು ಅವರಿಗೆ?"

"ನಂಗೆ ಕೊಡೋ ಅಷ್ಟೇ," ಎಂದಳು ಅಕ್ಕ. "ಒಂದು ಕಾಸು ಜಾಸ್ತಿ ಕೊಟ್ಟೆ ಅಂತ ಗೊತ್ತಾದ್ರೆ ನಿನ್ನ ಗ್ರಹಚಾರ ಬಿಡಿಸ್ತೀನಿ."

ಒಲೆ ಆರಿಸಿ, ಫೋನು ಹಿಡಿದುಕೊಂಡು ಕೋಣೆಗೆ ನಡೆದಳು.